ಪ್ರಯಾಣದಲ್ಲಿರುವವರಿಗಾಗಿ

ಆ ಉಪಾಯ ಯಾರದೆಂದು ನನಗೆ ನಿಜವಾಗಿಯೂ ಗೊತ್ತಿಲ್ಲ. ಆನಂದಪ್ಪನವರದು ಎಂದು ನನ್ನ ನೆನಪು. ನನ್ನದೇ ಎಂದು ಆನಂದಪ್ಪನವರ ನೆನಪು. ಇಬ್ಬರಲ್ಲಿ ಇತಿಹಾಸದ ಎಂ.ಎ. ಮಾಡಿದವನು ನಾನು; ಆದ್ದರಿಂದ ನನ್ನ ಮಾತನ್ನು ಅನುಮಾನಿಸುವುದೇ ಕ್ಷೇಮ.

ತುರ್ತು ಪರಿಸ್ಥಿತಿಯ ಕಾಲ. ಪೀಣ್ಯದ ಕಾರ್ಖಾನೆಗಳನ್ನು ದಾಟಿ ಬಾಗಲಗುಂಟೆಯ ಕಡೆ ಹೋದರೆ, ಶೀಟು ಹೊದಿಸಿದ ನಮ್ಮದೊಂದು ಪುಟ್ಟ ಚರ್ಚಿತ್ತು. ದೇವರಿದ್ದಾನೋ ಇಲ್ಲವೋ ಎಂಬ ಸಂಶಯವನ್ನು ಯೂನಿವರ್ಸಿಟಿಯಿಂದ ಹೊತ್ತು ತಂದಿದ್ದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಸಂಶಯಪಡಲಿಕ್ಕೂ ಕೂರಲು ಒಂದು ಬೆಂಚು ಬೇಕಲ್ಲ! ಓದಿದವನೆಂದು ಹಿರಿಯರ ಸಮಿತಿಗೂ ಸೇರಿಸಿಕೊಂಡಿದ್ದರು.

ದೇಶವನ್ನು ಆಳುವವರಿಗಾಗಿ ಪ್ರತಿ ವಾರ ಪ್ರಾರ್ಥಿಸುವುದು ನಮ್ಮ ಪದ್ಧತಿ. ಅದಕ್ಕೆ ಮೊದಲು ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಕಾಯಿಲೆಯಲ್ಲಿರುವವರು, ಪ್ರಯಾಣದಲ್ಲಿರುವವರು, ಸೆರೆಯಲ್ಲಿರುವವರು ಎಂದು ವಿಂಗಡಿಸಿ ಹೆಸರು ಹೇಳುತ್ತಿದ್ದರು. ಕೊನೆಯ ಗುಂಪಿನಲ್ಲಿ ನಮ್ಮವರ ಹೆಸರು ಎಂದೂ ಬಂದಿರಲಿಲ್ಲ. ಸೆರೆ ಎಂದರೆ ಯಾವುದೋ ದೂರದೇಶದ ಸಂಗತಿ ಎಂದುಕೊಂಡು ನೆಮ್ಮದಿಯಾಗಿ ಆಮೆನ್ ಎನ್ನುತ್ತಿದ್ದೆವು.

ಆಗ ಸಮುವೇಲಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದರು. ನಮ್ಮ ಸಭೆಯವನೇ, ಲೇತ್ ಕೆಲಸದವನು, ಯೂನಿಯನ್ನಿನ ಮುಂದಾಳು. ಕಾರ್ಖಾನೆಯ ಗೇಟಿನ ಮುಂದೆ ನಿಂತು ಸರ್ಕಾರವನ್ನು ಟೀಕಿಸಿದ್ದ. ಶನಿವಾರ ನಮ್ಮ ಸಮಿತಿ ಸೇರಿದ್ದಾಗ ಅವನ ಹೆಂಡತಿ ಕೃಪಕ್ಕ ಬಂದು ಬಾಗಿಲಲ್ಲಿ ನಿಂತಳು.

“ಅಯ್ಯನೋರೆ, ನಾಳೆ ನಮ್ಮೆಜಮಾನ್ರ ಹೆಸ್ರು ಹೇಳ್ಬೇಕು. ಜೈಲಲ್ಲವ್ರೆ ಅಂತ್ಲೇ ಹೇಳಿ.”

ಆಕೆ ಹೋಗುತ್ತಲೇ ಸರ್ಕಾರಿ ಕಾರ್ಖಾನೆಯ ಸೂಪರ್‌ವೈಸರ್ ಆನಂದಪ್ಪನವರು ಕುರ್ಚಿ ಎಳೆದುಕೊಂಡರು. “ಹಂಗೇನಾದ್ರೂ ಹೇಳಿದ್ರೆ ಸರ್ಕಾರದ ಮೇಲೆ ದೇವ್ರಿಗೆ ಕಂಪ್ಲೇಂಟ್ ಕೊಟ್ಟಂಗೆ ಕಣ್ರೀ. ಚರ್ಚಿಗೆ ಬೀಗ ಬಿದ್ರೆ ಯಾರು ಬಿಡಿಸ್ತೀರಾ?”

ಎಲ್ಲರೂ ನನ್ನತ್ತ ನೋಡಿದರು. ಅಧಿಕಾರವೆಲ್ಲ ದೇವರಿಂದಲೇ ಬಂದದ್ದು ಎಂದು ಬೈಬಲಿನಲ್ಲಿ ಅಪೊಸ್ತಲನೇ ಬರೆದಿದ್ದಾನಲ್ಲ ಎಂದು ನಾನು ವಿವರಿಸಿದೆ. ಇದರ ಬಗ್ಗೆ ಸಂಶಯವಿಲ್ಲ, ನನ್ನ ದನಿಯೇ ಕಿವಿಯಲ್ಲಿದೆ. ಹಾಗೆ ಬರೆದವನೇ ಪದೇ ಪದೇ ಜೈಲು ಕಂಡವನೆಂದು ಮಾತ್ರ ಹೇಳಲಿಲ್ಲ. ಇನ್ನೊಬ್ಬ ಅಪೊಸ್ತಲ ಸೆರೆಯಲ್ಲಿದ್ದಾಗ ಇಡೀ ಸಭೆ ಕೂತು ಪ್ರಾರ್ಥಿಸಿತ್ತು, ಅದನ್ನೂ ಹೇಳಲಿಲ್ಲ. ಓದಿದವರಿಗೆ ಸಮಯಕ್ಕೆ ನೆನಪಾಗುವುದು ಅನುಕೂಲದ ಅರ್ಧ ಮಾತ್ರ. ಆಮೇಲೆ ನಮ್ಮಲ್ಲೊಬ್ಬರು ಆ ಉಪಾಯ ಹೇಳಿದರು: ಸಮುವೇಲಣ್ಣನ ಹೆಸರನ್ನು ಪ್ರಯಾಣದಲ್ಲಿರುವವರ ಜೊತೆ ಸೇರಿಸಿದರಾಯಿತು. ಸುಳ್ಳೇನಲ್ಲ, ವ್ಯಾನಿನಲ್ಲಿ ತಾನೇ ಹೋದದ್ದು!

ಮರುದಿನ ಅಯ್ಯನವರು ತಲೆ ಎತ್ತದೆ, “ಪ್ರಯಾಣದಲ್ಲಿರುವ ಸಹೋದರ ಸಮುವೇಲರಿಗಾಗಿ” ಎಂದರು. ಸಭೆ ಮೆಲ್ಲಗೆ ಆಮೆನ್ ಎಂದಿತು. ನಂತರ ಆಳುವವರಿಗಾಗಿ ಪ್ರಾರ್ಥನೆ ಬಂದಾಗ ಶೀಟು ಅದುರುವಷ್ಟು ಜೋರಾಗಿ ಎಂದಿತು. ಆಳುವವರಿಗಾಗಿ ಪ್ರಾರ್ಥಿಸುವುದೇ ಬೇರೆ, ಆಳುವವರಿಗೆ ಕೇಳಿಸಲಿ ಎಂದು ಪ್ರಾರ್ಥಿಸುವುದೇ ಬೇರೆ. ನಾನೂ ಗಂಟಲು ಸೇರಿಸಿದೆನೋ, ಬರೀ ತುಟಿ ಆಡಿಸಿದೆನೋ ನೆನಪಿಲ್ಲ. ತುಟಿ ಆಡಿಸಿದೆ ಎಂದುಕೊಂಡರೆ ಸ್ವಲ್ಪ ಹಗುರವಾಗುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ಹೊರಗೆ ಕೃಪಕ್ಕ ಅಯ್ಯನವರನ್ನು ತಡೆದಳು. “ಟೂರಿಗೆ ಹೋಗವ್ರೆ ಅಂತ ಮೊದ್ಲೇ ಹೇಳ್ಬಾರ್ದಾ ಅಯ್ಯನೋರೆ? ಬುತ್ತಿ ಕಟ್ಕೊಡ್ತಿದ್ದೆ.”

ಅಯ್ಯನವರು ತಮ್ಮ ಬಿಳಿ ನಿಲುವಂಗಿಯ ತೋಳನ್ನು ಸರಿಮಾಡಿಕೊಳ್ಳುತ್ತಲೇ ಇದ್ದರು. ಅಲ್ಲಿಂದಾಚೆಗೆ ಕೃಪಕ್ಕ ಚರ್ಚಿಗೆ ಬರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಸಮುವೇಲಣ್ಣ ಮಾತ್ರ ಬಂದು ತನ್ನ ಹಳೆಯ ಬೆಂಚಿನಲ್ಲೇ ಕೂತ.

ಜೈಲಿನಲ್ಲೂ ಅವನು ಆಳುವವರಿಗಾಗಿ ಪ್ರಾರ್ಥಿಸುತ್ತಿದ್ದ ಎಂಬ ಮಾತು ಸಭೆಯಲ್ಲಿ ಓಡಾಡುತ್ತಿತ್ತು. ಭಕ್ತರು ಕಟ್ಟಿದ ಕತೆ ಎಂದು ತಳ್ಳಿಹಾಕಿದ್ದೆ. ಎಷ್ಟೋ ಕಾಲದ ನಂತರ ಅವನ ಜೊತೆ ಒಂದೇ ಬ್ಯಾರಕ್ಕಿನಲ್ಲಿದ್ದವರೊಬ್ಬರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದೆ. ದೇವರನ್ನು ನನಗಿಂತಲೂ ಕಡಿಮೆ ನಂಬುವ ಮನುಷ್ಯ. ಸಾಕ್ಷಿಗೆ ಅದಕ್ಕಿಂತ ಒಳ್ಳೆಯವರು ಬೇಕಿರಲಿಲ್ಲ.

“ನಿಜ ಸಾರ್,” ಎಂದರು ಅವರು. “ಒಂದು ಭಾನುವಾರಾನೂ ಬಿಡ್ತಿರ್ಲಿಲ್ಲ. ಹಿಡಿದು ಹಾಕಿದೋರಿಗೂ ಪ್ರಾರ್ಥನೆ ಮಾಡ್ತೀಯಲ್ಲೋ ಅಂತ ಬೈತಿದ್ದೆ. ಅವರಿಗೆ ಬುದ್ಧಿ ಕೊಡು ಅಂತ ಕೇಳ್ತಿದ್ದ. ಆಮೇಲೆ ನಿಮ್ಮ ಚರ್ಚಿನ ಹೆಸ್ರು ಹೇಳಿ, ನಿಮಗೆಲ್ಲ ಧೈರ್ಯ ಕೊಡು ಅಂತಿದ್ದ.”