ಉಸ್ತಾದರ ತಾಯಿಯ ಮೇಲ್ಮನವಿ

ನಾವು ಏನು ಹೇಳಿದರೂ ಉಸ್ತಾದರ ತುಟಿಗಳು ಅದನ್ನು ಸದ್ದಿಲ್ಲದೆ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದವು. ಕಣ್ಣು ಅರೆಮುಚ್ಚಿ, ನರೆತ ಗಡ್ಡದ ನಡುವೆ ಒಣಗಿ ಬಿರಿದ ಆ ತುಟಿಗಳು ನಮ್ಮ ಕೊನೆಯ ಪದದವರೆಗೂ ಅಲುಗುತ್ತಿದ್ದವು. ಉತ್ತರ ಆಮೇಲೆ. ಮೊದಲ ಸಲ ನೋಡಿದಾಗ ನಾನು ಕಿವಿ ಮಂದವೆಂದುಕೊಂಡು ಕೌಂಟರಿನ ಈಚೆಯಿಂದ ಕಿರುಚಿ ಮಾತಾಡಿದ್ದೆ. "ಮೆಲ್ಲಗೆ ಹೇಳು ಮಗನೇ, ಕೇಳಿಸುತ್ತದೆ" ಅಂದರು.

ಕುವೈತಿನ ಮೈದಾನ್ ಹವಲ್ಲಿಯಲ್ಲಿ ನನ್ನದು ಟೈಪಿಂಗ್ ಸೆಂಟರಿನ ಕೆಲಸ. ಇಕಾಮಾ ಎಂಬ ವಾಸದ ಪರವಾನಗಿಯ ಫಾರಂ, ವೀಸಾ ಅರ್ಜಿ, ಕೆಲಸಗಾರರ ದೂರು, ಎಲ್ಲವನ್ನೂ ಅರಬಿಯಲ್ಲೋ ಇಂಗ್ಲಿಷಿನಲ್ಲೋ ಟೈಪ್ ಮಾಡಿಕೊಡುವುದು. ಬಂಟ್ವಾಳದ ಕಡೆಯ ಬ್ಯಾರಿ ನಾನು. ಮದ್ರಸಾದಲ್ಲಿ ಕಲಿತದ್ದರಿಂದ ಅರಬಿ ಅಕ್ಷರ ಸರಾಗವಾಗಿ ಓದುತ್ತಿದ್ದೆ, ಅರ್ಥ ಮಾತ್ರ ಗೊತ್ತಿರಲಿಲ್ಲ. ಆ ಅರ್ಥವನ್ನು ನನಗೆ ಕೊಟ್ಟವರು ಇವರು. ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಅರಬಿ ಕಲಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಮ್ಮಲ್ಲಿಗೆ ಬಂದು, ಏಸಿಯ ಎದುರಿಗಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ಟೈಪ್ ಮಾಡಿದ್ದನ್ನೆಲ್ಲ ತಿದ್ದುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅವರ ಕೋಣೆಯಲ್ಲಿ ಮಾತಾಡಲು ಯಾರೂ ಇರಲಿಲ್ಲವೆಂದು ಆಮೇಲೆ ತಿಳಿಯಿತು. ನಾನು ಅವರನ್ನು ಉಸ್ತಾದ್ ಎಂದೇ ಕರೆದೆ.

ಅವರ ಊರು ಪಶ್ಚಿಮ ಸಹಾರಾ. ಸ್ಪೇನಿನವರು ಬಿಟ್ಟುಹೋದ ಮೇಲೆ ಮೊರಾಕ್ಕೋ ಆ ನೆಲ ತನ್ನದೆಂದಿತು, ಅಲ್ಲಿನ ಜನ ತಮ್ಮದೆಂದರು. ಯುದ್ಧವಾಯಿತು. ಇವರ ತಾಯಿ ಕೂಸಾಗಿದ್ದ ಇವರನ್ನು ಬೆನ್ನಿಗೆ ಕಟ್ಟಿಕೊಂಡು ಅಲ್ಜೀರಿಯಾ ಗಡಿಯ ನಿರಾಶ್ರಿತರ ಡೇರೆಗಳಿಗೆ ಓಡಿದವರು. ಕೊನೆಗೆ ಲೋಕದ ದೇಶಗಳೆಲ್ಲ ಕೂಡಿ ಒಂದು ಮಾತು ಕೊಟ್ಟವು: ಸ್ವತಂತ್ರರಾಗುತ್ತೀರೋ, ಮೊರಾಕ್ಕೋದ ಜೊತೆ ಇರುತ್ತೀರೋ, ನಿಮ್ಮನ್ನೇ ಕೇಳುತ್ತೇವೆ, ನಾವೇ ಮುಂದೆ ನಿಂತು ಮತದಾನ ಮಾಡಿಸುತ್ತೇವೆ. ಆದರೆ ಆ ನೆಲದವರು ಯಾರು, ಮತ ಯಾರಿಗೆ? ಪಟ್ಟಿ ಮಾಡುವುದರಲ್ಲೇ ವರ್ಷಗಳು ಕಳೆದವು. ಪಟ್ಟಿ ಮಾಡಲು ಬಂದ ಆಯೋಗದಲ್ಲಿ ಉಸ್ತಾದರು ಹರೆಯದಲ್ಲಿ ದುಭಾಷಿಯಾಗಿದ್ದರು. ಅರಬಿಯಿಂದ ಸ್ಪ್ಯಾನಿಷಿಗೆ, ಸ್ಪ್ಯಾನಿಷಿನಿಂದ ಅರಬಿಗೆ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಒಬ್ಬ ಹೌಸ್ ಡ್ರೈವರನ ದೂರಿನ ನೆಪದಲ್ಲಿ. ಜಹ್ರಾದಿಂದ ಬಂದ ಆ ಬಡಪಾಯಿಗೆ ಯಜಮಾನ ಹೊಡೆದಿದ್ದ. ಅವನು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅರಬಿಯಲ್ಲಿ ಇಳಿಸುತ್ತಿದ್ದೆ. ಕೊನೆಗೆ ಅವನು, "ಭಾಯಿ, ಮೇಡಂ ಮಾತ್ರ ಒಳ್ಳೆಯವರು, ಔಷಧ ತಂದುಕೊಟ್ಟರು" ಅಂದ. ನಾನು ಅದನ್ನು ಬರೆಯಲಿಲ್ಲ. ಅಷ್ಟು ಹೊತ್ತಿಗೆ ಒಂದಿಷ್ಟು ಹಿಂದಿ ಕಲಿತಿದ್ದ ಉಸ್ತಾದರು ಪ್ರಿಂಟ್ ತೆಗೆಯಲು ಬಿಡಲಿಲ್ಲ.

"ಕೊನೆಯ ಮಾತು ಎಲ್ಲಿ?"

"ಅದು ಹಾಕಿದರೆ ಕೇಸು ಬಲ ಕಳ್ಕೊಳ್ತದೆ ಉಸ್ತಾದ್."

"ಕಳೆದುಕೊಳ್ಳಲಿ. ಅವನು ಹೇಳಿದ್ದನ್ನು ತಿನ್ನಲು ನೀನು ಯಾರು?"

ನನಗೆ ಸಿಟ್ಟು ಬಂತು. ಆದರೂ ಸೇರಿಸಿದೆ. ಡ್ರೈವರ್ ಹೋದ ಮೇಲೆ ಉಸ್ತಾದರು ತಮ್ಮ ತಾಯಿಯ ಕತೆ ಹೇಳಿದರು.

ಆಯೋಗದಲ್ಲಿ ಆವತ್ತು ಸರದಿಯಲ್ಲಿದ್ದ ದುಭಾಷಿಗೆ ಜ್ವರ ಬಂದು, ಇವರನ್ನು ಕೂರಿಸಿದ್ದರು. ಮೇಜಿನಾಚೆ ವಿದೇಶಿ ಅಧಿಕಾರಿ. ಅತ್ತ ಇತ್ತ ಎರಡೂ ಪಕ್ಷದ ಒಬ್ಬೊಬ್ಬ ಹಿರಿಯ, ಬಂದವರು ತಮ್ಮ ಕುಲದವರು ಹೌದೋ ಅಲ್ಲವೋ ಎಂದು ಹೇಳಲು. ಮಧ್ಯಾಹ್ನ ಕರೆದ ಹೆಸರು ಇವರ ತಾಯಿಯದು. ದೂರದ ಡೇರೆಯಿಂದ ಲಾರಿಯಲ್ಲಿ ಕೂತು ಬಂದಿದ್ದರು. ಕಾಗದಪತ್ರ ಒಂದೂ ಇಲ್ಲ, ಓಡಿಬಂದವರ ಬಳಿ ಎಲ್ಲಿಂದ ಬರಬೇಕು? ಇವಳು ನನ್ನ ತಾಯಿ, ದುಭಾಷಿಯನ್ನು ಬದಲಿಸಿ ಎಂದು ಉಸ್ತಾದರು ಹೇಳಬೇಕಿತ್ತು. ಹೇಳಿದರೆ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು, ತಾಯಿ ಮತ್ತೆ ಅಷ್ಟು ದೂರ ಬರಬೇಕಾಗುತ್ತಿತ್ತು. ಸುಮ್ಮನಾದರು. ತಾಯಿಯೂ ಮಗನನ್ನು ಕಂಡೇ ಇಲ್ಲದವರಂತೆ ನೆಲ ನೋಡುತ್ತ ಕೂತರು.

ಡೇರೆಗಳ ಕಡೆಯ ಹಿರಿಯ ಹೌದೆಂದ. ಆಚೆ ಕಡೆಯ ಹಿರಿಯ, ಮಕ್ಕಳುಮರಿ ಎಲ್ಲ ಮೊರಾಕ್ಕೋದ ಕೈಯಲ್ಲಿದ್ದವನು, ತಡವರಿಸುತ್ತ ಹೇಳಿದ: "ಇವಳ ತಂದೆಯ ಹೆಸರು ಬಲ್ಲೆ, ನಮ್ಮವನೇ." ಸ್ವಲ್ಪ ನಿಂತು, "ಆದರೆ ಇವಳು ಅವನ ಮಗಳೆಂದು ನಾನು ಹೇಳಲಾರೆ."

"ಅರ್ಧಕ್ಕೆ ನಿಲ್ಲಿಸಬಹುದಿತ್ತು," ಉಸ್ತಾದರು ನನ್ನ ಕೀಬೋರ್ಡ್ ನೋಡುತ್ತ ಹೇಳಿದರು. "ಆ ಅಧಿಕಾರಿಗೆ ಅರಬಿಯ ಗಂಧಗಾಳಿಯೂ ಇರಲಿಲ್ಲ. ನಾನು ಪೂರ್ತಿ ಹೇಳಿದೆ. ಅವನು ಇಲ್ಲ ಎಂದು ಬರೆದ. ಹೊರಗೆ ಬಂದಾಗ ಅಮ್ಮ ಕೇಳಿದಳು, ನಾನು ಅವನ ಮಗಳಲ್ಲದಿದ್ದರೆ ಮತ್ತೆ ಯಾರ ಮಗಳು ಎಂದು ಬರೆದಿದ್ದಾನೆ?"

ಆ ನಿರ್ಧಾರದ ಮೇಲೆ ತಾಯಿ ಮೇಲ್ಮನವಿ ಹಾಕಿದರು. ಹಾಗೆ ಹಾಕಿದವರು ಲೆಕ್ಕವಿಲ್ಲದಷ್ಟು ಜನ. ಅವುಗಳ ವಿಚಾರಣೆ ಶುರುವಾಗುವ ಮೊದಲೇ ಪಟ್ಟಿಯ ಕೆಲಸವೇ ನಿಂತುಹೋಯಿತು. ಉಸ್ತಾದರು ಪಕ್ಕದ ಮೌರಿಟೇನಿಯಾ ದೇಶದ ಪಾಸ್‌ಪೋರ್ಟ್ ಮಾಡಿಸಿಕೊಂಡು ಕುವೈತಿಗೆ ಬಂದರು. ಅಂದಿನಿಂದ ಪ್ರತಿ ರಮಳಾನಿನ ಮೊದಲು ಆ ಆಯೋಗಕ್ಕೆ ಒಂದು ಪತ್ರ. "ನನ್ನ ತಾಯಿಯ ಮೇಲ್ಮನವಿಯ ವಿಚಾರಣೆ ಯಾವಾಗ?" ಅರಬಿಯಲ್ಲಿ ಬರೆದು ತರುತ್ತಿದ್ದರು, ನಾನು ಇಂಗ್ಲಿಷಿಗೆ ಇಳಿಸಿಕೊಡುತ್ತಿದ್ದೆ. ಇಂಗ್ಲಿಷಿನಲ್ಲಿದ್ದರೆ ಓದುತ್ತಾರೆಂಬ ನಂಬಿಕೆ ಅವರದು. ಮೊದಲು ರಿಜಿಸ್ಟರ್ಡ್ ಪೋಸ್ಟ್, ಆಮೇಲೆ ಇಮೇಲ್. ಇಷ್ಟು ಕಾಲದಲ್ಲಿ ಒಂದೇ ಒಂದು ಉತ್ತರ ಬಂದಿತ್ತು: ಪತ್ರ ತಲುಪಿದೆ, ಸೂಕ್ತ ಸಮಯದಲ್ಲಿ ತಿಳಿಸಲಾಗುವುದು. "ಸೂಕ್ತ ಸಮಯ ಅಂದರೆ ಇಂಗ್ಲಿಷಿನಲ್ಲಿ ಎಷ್ಟು ದಿನ?" ಎಂದು ಅವರು ನನ್ನನ್ನು ನಿಜವಾಗಿಯೂ ಕೇಳಿದ್ದರು. "ಅದಕ್ಕೆ ದಿನ ಇಲ್ಲ ಉಸ್ತಾದ್" ಅಂದೆ.

ಈಚೆಗೆ ಎಲ್ಲವೂ ಒಟ್ಟಿಗೆ ಕುಸಿಯಿತು. ಆ ನೆಲದಲ್ಲಿ ಮತ್ತೆ ಗುಂಡಿನ ಸದ್ದು ಶುರುವಾಗಿತ್ತು. ಮತದಾನದ ಮಾತು ಸಾಕು, ಮೊರಾಕ್ಕೋದ ಒಳಗೇ ಏನಾದರೊಂದು ವ್ಯವಸ್ಥೆ ಮಾಡೋಣವೆಂದು ದೊಡ್ಡ ದೇಶಗಳು ಹೇಳತೊಡಗಿದವು. ಆ ಸುದ್ದಿ ಬಂದ ದಿನ ಉಸ್ತಾದರು ಪಾಠದ ನಡುವೆಯೇ ಶಾಲೆಯಿಂದ ಎದ್ದು ಬಂದಿದ್ದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹಳೆಯ ಪತ್ರಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಬಡಿದು, ನಾನು ಎಂದೂ ಕೇಳದ ದನಿಯಲ್ಲಿ ಕೂಗಿದರು: "ಒಂದು ಪ್ರಶ್ನೆ! ಬೇಕಾ, ಬೇಡವಾ? ಇಷ್ಟನ್ನು ಕೇಳಲು ಇವರಿಗೆ ಒಬ್ಬ ಮನುಷ್ಯನ ಇಡೀ ಆಯುಷ್ಯ ಸಾಲಲಿಲ್ಲವಾ? ಕೇಳುವುದಿಲ್ಲ ಅಂತಿದ್ದರೆ ನನ್ನ ಅಮ್ಮನನ್ನು ಆ ಲಾರಿಯಲ್ಲಿ ಯಾಕೆ ಕರೆಸಿದರು?" ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

ಅದೇ ದಿನಗಳಲ್ಲಿ ತಾಯಿ ಹಾಸಿಗೆ ಹಿಡಿದರು. ಉಸ್ತಾದರ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು. ಹೊಸದಕ್ಕೆ ಹುಟ್ಟಿದ ಊರಿನ ದಾಖಲೆ ಬೇಕೆಂದರು ರಾಯಭಾರ ಕಚೇರಿಯವರು. ಹುಟ್ಟಿದ ಊರು ಯಾವ ದೇಶದ್ದೆಂದು ಲೋಕವೇ ತೀರ್ಮಾನಿಸದಿರುವಾಗ ದಾಖಲೆ ಕೊಡುವವರು ಯಾರು? ನಾನು ಅರ್ಜಿಯ ಮೇಲೆ ಅರ್ಜಿ ಟೈಪ್ ಮಾಡಿದೆ. ರಜೆ ಹಾಕಿ ಅವರ ಜೊತೆ ಕಚೇರಿ ಕಚೇರಿ ಅಲೆದೆ. ಎಲ್ಲ ಕಿಟಕಿಯಲ್ಲೂ "ಬುಕ್ರಾ," ನಾಳೆ ಬನ್ನಿ. ತಾಯಿ ದಿನವೂ ವಾಟ್ಸಾಪಿನಲ್ಲಿ ದನಿ ಕಳಿಸುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಉಸ್ತಾದರು ಫೋನನ್ನು ನನ್ನ ಕಿವಿಗೂ ಹಿಡಿದರು. ಉಸಿರಿನ ನಡುವೆ ಸಣ್ಣ ಮಾತು: "ಹೊರಟೆಯಾ ಮಗಾ?" ಉಸ್ತಾದರು ಗುಂಡಿ ಒತ್ತಿ, "ಇಲ್ಲಮ್ಮ, ಹೊರಟಿಲ್ಲ" ಅಂದರು. ಹೊರಟಿದ್ದೇನೆ ಎಂದುಬಿಡಿ ಉಸ್ತಾದ್, ಮುದುಕಿ ಸಮಾಧಾನದಲ್ಲಿ ಇರಲಿ ಎಂದು ನಾನು ಬೇಡಿಕೊಂಡೆ. ಅವರು ಕಿಟಕಿಯ ಕಡೆ ತಿರುಗಿದರು.

ಆರು ದಿನ ಕಳೆದು ತಾಯಿ ತೀರಿಕೊಂಡರು.

ಮೂರು ದಿನದ ದುಃಖ ಮುಗಿಸಿ ಉಸ್ತಾದರು ಬಂದರು. ಕೈಯಲ್ಲಿ ಮಡಚಿದ ಹಾಳೆ. ನಾನು ಓದಿದೆ. "ನನ್ನ ತಾಯಿ ತೀರಿಕೊಂಡಿದ್ದಾರೆ. ಅವರ ಮೇಲ್ಮನವಿಯನ್ನು ತೆಗೆದುಹಾಕಿ. ಸತ್ತವರ ಹೆಸರಿಟ್ಟುಕೊಂಡು ಮತದಾನ ನಡೆಸಿದರೆ ಆಚೆಯವರು ಅದನ್ನೇ ಹಿಡಿದು ಸುಳ್ಳು ಎನ್ನುತ್ತಾರೆ."

"ಯಾವ ಮತದಾನ ಉಸ್ತಾದ್?" ನನ್ನ ಬಾಯಿಂದ ಬಂದುಹೋಯಿತು. "ಯಾರು ನಡೆಸ್ತಾರೆ?"

ಅವರು "ಟೈಪ್ ಮಾಡು" ಅಂದರು.

ಮಾಡಿದೆ. ಓದಿ ಹೇಳಿದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ನೆಟ್ ಹೋಯಿತು. ಬಂದ ಮೇಲೆ ಕಳಿಸುತ್ತೇನೆ, ನೀವು ಮನೆಗೆ ಹೋಗಿ ಅಂದೆ. ನೆಟ್ ಬಂತು. ನನ್ನಿಂದ ಕಳಿಸಲಾಗಲಿಲ್ಲ. ಒಂದು ಜೀವ ಇಷ್ಟು ವರ್ಷ ಕಾದದ್ದನ್ನು ನಾನು ಒಂದು ಬೆರಳಿನಲ್ಲಿ ಖಲಾಸ್ ಮಾಡುವುದೇ? ಎರಡು ದಿನ ಬಿಟ್ಟು ಅವರು ಬಂದು, "ಹೋಯಿತಾ?" ಎಂದು ಕೇಳಿದರು.

"ಹೋಯಿತು ಉಸ್ತಾದ್."

"ಉತ್ತರ ಬಂದರೆ ತಿಳಿಸು."

ಬೇಸಿಗೆ ರಜೆ ಶುರುವಾಗುವ ಮೊದಲು, ಶಿಕ್ಷಕರ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಉಸ್ತಾದರ ಹೃದಯ ನಿಂತಿತು. ಸುಲೈಬಿಖಾತಿನ ಕಬರಸ್ಥಾನಕ್ಕೆ ಶಾಲೆಯ ನಾಲ್ವರು ಮೇಷ್ಟ್ರುಗಳು ಬಂದಿದ್ದರು, ಮತ್ತೆ ನಾನು. ಬಿಸಿಲಿಗೆ ಮಣ್ಣು ಕೈ ಸುಡುತ್ತಿತ್ತು. ನನ್ನ ಸರದಿಯ ಮೂರು ಹಿಡಿ ಮಣ್ಣು ಹಾಕುವಾಗ ಅವರಿಗೆ ನಿಜ ಹೇಳಿಬಿಡಬೇಕೆಂದುಕೊಂಡಿದ್ದೆ. ಪಕ್ಕದಲ್ಲಿ ಜನರಿದ್ದರು, ಬಾಯಿ ಬರಲಿಲ್ಲ.

ಇವತ್ತು ನಾನು ಅರಬಿಯಲ್ಲಿ ಒಂದು ದೂರು, ಒಂದು ಅರ್ಜಿ ತಪ್ಪಿಲ್ಲದೆ ಬರೆಯುತ್ತೇನೆಂದರೆ ಅದು ಅವರು ಕೊಟ್ಟ ಅನ್ನ. ಆ ಪತ್ರ ನನ್ನ ಕಂಪ್ಯೂಟರಿನಲ್ಲೇ ಇದೆ. ಕಳಿಸಿದರೆ ಆ ತಾಯಿಯ ಹೆಸರಲ್ಲಿ ಕೇಳಲು ಇನ್ನು ಏನೂ ಉಳಿಯುವುದಿಲ್ಲ. ಕಳಿಸದಿದ್ದರೆ ಉಸ್ತಾದರ ಕೊನೆಯ ಮಾತನ್ನು ನಾನು ನಡೆಸಿದಂತಾಗುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದು ಎಷ್ಟೋ ಸಲ ಅದನ್ನು ತೆಗೆದು ಕೂತಿದ್ದೇನೆ, ಗಿರಾಕಿ ಬಂದ ಕೂಡಲೇ ಮುಚ್ಚಿದ್ದೇನೆ.

ಮಾಫ್ ಮಾಡಿ ಉಸ್ತಾದ್. ಅದು ಹೋಗಿಲ್ಲ.