ಪತ್ರಿ ಗಿಡ ಕುಡಿದ ಹಾಲು

ಗೆಳತಿಯರೇ, ಇವತ್ತು ಮಧ್ಯಾಹ್ನ ನನ್ನ ಮಗನ ಊಟವನ್ನು ಅಂಗಳದ ಪತ್ರಿ ಗಿಡ, ಅಂದರೆ ಶಿವನ ಬಿಲ್ವದ ಗಿಡ, ಕುಡಿದುಬಿಟ್ಟಿತು.

ಅವನ ಅಂಗುಳ ಸೀಳಿದೆ, ಮೊಲೆ ಚೀಪಲು ಬರುವುದಿಲ್ಲ. ಹುಟ್ಟಿದಾಗಿನಿಂದ ರಬ್ಬರ್ ಚೆಂಡಿನ ಗಾಜಿನ ಪಂಪಿನಿಂದ ನನ್ನ ಎದೆಹಾಲು ತೆಗೆದು ಚಮಚದಲ್ಲಿ ಕುಡಿಸುತ್ತಿದ್ದೇವೆ. ಬೆಳಿಗ್ಗೆ ಸಾತಪುರದ ಬ್ಯಾಂಕಿಗೆ ಕೆಲಸಕ್ಕೆ ಹೊರಡುವ ಮುಂಚೆ ಮಧ್ಯಾಹ್ನದ ಹಾಲನ್ನು ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೆ. ಊಟದ ಬಿಡುವಿನಲ್ಲಿ ಮನೆಗೆ ಬಂದರೆ, ಬೀದರಿನಿಂದ ಬಂದಿರುವ ಅತ್ತೆಯ ತೊಡೆಯ ಮೇಲೆ ಮಗು ಹಸಿದು ಕಿರುಚುತ್ತಿತ್ತು. ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಹಾಲು ಎಲ್ಲದರಿ, ಅತ್ತಿ?"

"ಪತ್ರಿ ಗಿಡಕ್ಕ ಹಾಕೀನವ್ವ. ಇವತ್ತ ಸೋಮಾರ ಅಲ್ಲ? ಕೂಸಿನ ಬಾಯಿ ಕೂಡ್ಲಿ ಅಂತ ಹರಕಿ ಹೊತ್ತೀನಿ."

"ಎಲ್ಲಾನೂ ಹಾಕಿದ್ರಿ?"

"ದೇವರಿಗಿ ಯಾರರ ಉಳಿಸಿ ಕೊಡ್ತಾರೇನು? ನೀ ಹೆಂಗೂ ಬರ್ತಿ, ಮತ್ತ ತೆಗಿತಿ ಅಂತ."

"ಆಕಳ ಹಾಲು ಇತ್ತಲ್ರಿ ಮನ್ಯಾಗ."

"ಹರಕಿ ಕೂಸಿಂದವ್ವ, ಆಕಳದಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಹೀಗಾಗಿ ಬಯ್ಯುವ ಅವಕಾಶವೂ ಹೋಯಿತು. ಕೋಣೆಯ ಬಾಗಿಲು ಹಾಕಿಕೊಂಡು ಪಂಪು ಒತ್ತುತ್ತ ಕುಳಿತೆ. ಸಿಟ್ಟಿನಲ್ಲಿದ್ದಾಗ ಹಾಲು ಇಳಿಯುವುದಿಲ್ಲ. ಅಳು ಕೇಳುತ್ತ ಕೇಳುತ್ತ ಹೇಗೋ ಅರ್ಧ ಬಟ್ಟಲು ಆಯಿತು.

ಬಾಗಿಲ ಆಚೆಯಿಂದ ಅತ್ತೆಯ ದನಿ: "ಇನ್ನಾ ನಾಕು ಸೋಮಾರ ಅದಾವವ್ವ. ಆವತ್ತ ಜರಾ ಜಾಸ್ತಿ ತೆಗದಿಡು."

ತೂಕ ಏರಿದರೆ ಮಾತ್ರ ಆಪರೇಷನ್ ಎನ್ನುತ್ತಾರೆ ಡಾಕ್ಟರು. ಹರಕೆ ಮುಗಿದರೆ ಆಪರೇಷನ್ನೇ ಬೇಡ ಎನ್ನುತ್ತಾರೆ ಅತ್ತೆ. ಇಬ್ಬರ ಚಿಕಿತ್ಸೆಗೂ ಹಾಲು ಪೂರೈಸಬೇಕಾದ ಡೇರಿ ಮಾತ್ರ ಒಂದೇ.