ಪರದೆಯ ಹಿಂದಿನಿಂದ ಹೇಳಿದ ಮಾತು

ಇವತ್ತು ಬೆಳಿಗ್ಗೆ ಹಳೆಯ ಜುಬ್ಬವೊಂದನ್ನು ಕೊಡವಿದಾಗ ಮೀಸೆ ಅಂಟಿಸುವ ಗೋಂದಿನ ವಾಸನೆ ಬಂತು. ನನ್ನನ್ನು ನಟನೆಂದು ತಿಳಿಯಬೇಡಿ. ರಂಗದ ಮೇಲೆ ನಿಂತರೆ ನನ್ನ ಕಾಲು ನನ್ನ ಮಾತೇ ಕೇಳುವುದಿಲ್ಲ. ಹಾಗಾಗಿ ಮಾಟುಂಗದ ನಮ್ಮ ನಾಟಕ ತಂಡದಲ್ಲಿ ಉಳಿದವರಿಗೆ ಮೀಸೆ ಅಂಟಿಸುವುದು, ಪರದೆಯ ಹಿಂದೆ ಕೂತು ಮಾತು ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು. ಸಣ್ಣ ಕೆಲಸವೆನ್ನಬೇಡಿ. ಆಫೀಸು, ಲೋಕಲ್ ರೈಲು ಎಂದು ಓಡುವ ನಮ್ಮವರಿಗೆ ಮಾತು ಬಾಯಿಪಾಠವಾಗುವುದು ಅಷ್ಟರಲ್ಲೇ ಇದೆ. ಹಿಂದಿನಿಂದ ನಾನು ಅಂದದ್ದನ್ನೇ ಅವರು ಮುಂದೆ ಅನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಗಿತ್ತು. ಟಿವಿಯಲ್ಲಿ ಕೂತವರೆಲ್ಲ ಯುದ್ಧ ಬೇಕೆಂದು ಕೂಗುತ್ತಿದ್ದರು. ಬೇಡ ಎನ್ನಲು ನಮಗಿದ್ದದ್ದು ನಾಟಕವೊಂದೇ. ಮಗನನ್ನು ಕಳೆದುಕೊಳ್ಳುವ ತಾಯಿಯ ಪಾತ್ರಕ್ಕೆ ಆಂಟಾಪ್ ಹಿಲ್‌ನ ಗಂಗಕ್ಕ ತಾವಾಗಿಯೇ ಬಂದರು. ವಿಜಯಪುರದ ಕಡೆಯವರು, ಒಬ್ಬನೇ ಮಗ ಬಸು ಸೈನ್ಯದಲ್ಲಿ, ಅದೇ ಗಡಿಯಲ್ಲಿದ್ದ. ನಾಟಕದ ದಿನಕ್ಕೆ ಅವನ ಫೋನ್ ಇಲ್ಲದೆ ಐದು ದಿನವಾಗಿತ್ತು. ಪಾತ್ರ ಬೇರೆಯವರು ಮಾಡಲಿ ಎಂದರೆ ಕೇಳಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದರು. ತಮ್ಮ ಮೊಬೈಲನ್ನು ನನ್ನ ಇದೇ ಜುಬ್ಬದ ಜೇಬಿಗೆ ಹಾಕಿ, ಫೋನ್ ಬಂದರೆ ಎತ್ತಿ ಎಂದು ರಂಗಕ್ಕೆ ಹೋದರು.

ಕೊನೆಯ ದೃಶ್ಯ. ಮಗ ಸತ್ತ ಸುದ್ದಿಯ ಕಾಗದ ಹಿಡಿದು ಗಂಗಕ್ಕ ನಿಂತಿದ್ದಾರೆ. ಜೇಬಿನಲ್ಲಿ ಮೊಬೈಲು ನಡುಗಿತು. ಬಸುವೇ. ಅವ್ವನಿಗೆ ತಾನು ಆರಾಮ ಇದ್ದೇನೆಂದು ಹೇಳಿ ಎಂದವನೇ ಫೋನ್ ಇಟ್ಟ. ನನಗೆ ನಾಟಕವೇ ಮರೆತುಹೋಯಿತು. ಪರದೆಗೆ ಬಾಯಿ ಹಚ್ಚಿ ಹೇಳಿಯೇಬಿಟ್ಟೆ. ಗಂಗಕ್ಕ ರೂಢಿಯಂತೆ ಅದನ್ನೇ ಸಭೆಗೆ ಗಟ್ಟಿಯಾಗಿ ಒಪ್ಪಿಸಿದರು.

"ಬಸು ಫೋನ್ ಮಾಡಿದ್ದ. ಆರಾಮ ಅದಾನ."

ಅಂದ ಮೇಲೆ ಅವರಿಗೆ ಅರ್ಥವಾಯಿತು. ಕಾಗದ ಎಸೆದು, ಅಲ್ಲೇ ನೆಲದ ಮೇಲೆ ಕೂತು, ನಗುತ್ತಾ ಅತ್ತರು. ವಿಷಯ ಗೊತ್ತಿದ್ದ ಅವರ ಬಿಲ್ಡಿಂಗಿನವರು ಮೊದಲು ಎದ್ದು ನಿಂತರು. ಆಮೇಲೆ ಏನೂ ಗೊತ್ತಿಲ್ಲದವರೂ ಎದ್ದರು. ಅಷ್ಟು ಸಂತೋಷವಾಗಿ ನಾನು ಇನ್ಯಾವತ್ತೂ ತಪ್ಪು ಮಾಡಿಲ್ಲ.

ನಿರ್ದೇಶಕರು ಮಾತ್ರ ನನಗೆ ಚೆನ್ನಾಗಿ ಉಗಿದರು. ಮಗ ಸಾಯದಿದ್ದರೆ ಪ್ರತಿಭಟನೆ ಎಲ್ಲಿ ಉಳಿಯಿತು ಎಂಬುದು ಅವರ ವಾದ. ಗಂಗಕ್ಕ ಬಣ್ಣ ಒರೆಸಿಕೊಳ್ಳುತ್ತಾ ಕೇಳಿದರು:

"ಸತ್ತ ಮ್ಯಾಲೇ ಯುದ್ಧ ಬ್ಯಾಡ ಅನ್ನಬೇಕೇನ್ರೀ? ಬದುಕಿದ್ದಾಗ ಅಂದ್ರ ಆಗೂದಿಲ್ಲೇನು?"

ಮುಂದಿನ ಪ್ರದರ್ಶನದಿಂದ ನಿರ್ದೇಶಕರು ಮಗ ಬದುಕಿರುವ ಆ ಕೊನೆಯನ್ನೇ ಉಳಿಸಿಕೊಂಡರು.

ಈಗ ಟಿವಿಯಲ್ಲಿ ಮತ್ತೆ ಅದೇ ಕೂಗು. ಭಾನುವಾರ ಚೆಂಬೂರಿನಲ್ಲಿ ನಮ್ಮ ನಾಟಕವಿದೆ. ರಜೆಗೆ ಬಂದಿರುವ ಬಸು ಮೊದಲ ಸಾಲಿನಲ್ಲೇ ಕೂರುತ್ತಾನಂತೆ. ಹಾಲ್‌ನವರು ಮುಂದಿನ ವಾರ ಇಟ್ಟುಕೊಳ್ಳಿ ಎಂದಿದ್ದರು. ನಾವು ಒಪ್ಪಲಿಲ್ಲ. ಅವನ ರಜೆ ಸೋಮವಾರಕ್ಕೆ ಮುಗಿಯುತ್ತದೆ.